ಇಥಿಯೋಪಿಯಾದ ಗದ್ದುಗೆಗೆ ಜನಾಂಗಗಳು ಸರದಿಯಲ್ಲಿ ನಿಂತಿವೆಯೇ?

ಓದುಗರ ಪ್ರಶ್ನೆ: ಇಥಿಯೋಪಿಯಾವನ್ನು ಮೊದಲು ಅಮ್ಹಾರರು ಆಳಿದರು, ಆಮೇಲೆ ತಿಗ್ರಾಯರು, ಈಗ ಒರೊಮೊಗಳು. ಸರ್ಕಾರ ಬದಲಾದಾಗಲೆಲ್ಲ ಗದ್ದುಗೆ ಒಂದು ಬುಡಕಟ್ಟಿನಿಂದ ಇನ್ನೊಂದು ಬುಡಕಟ್ಟಿಗೆ ಹೋಗುತ್ತದೆ. ಅವರ ನಡುವಿನ ಸಾವಿರಾರು ವರ್ಷಗಳ ಹಗೆತನವೇ ಇದಕ್ಕೆಲ್ಲ ಕಾರಣವಲ್ಲವೇ?

ಉತ್ತರ: ಅಲ್ಲ. ಇದೇ ಪ್ರಶ್ನೆಯನ್ನು 2018ರಲ್ಲಿ ಅಬಿ ಅಹ್ಮದ್ ಪ್ರಧಾನಿಯಾದಾಗ ಕೇಳಿದ್ದರು, 2020ರ ನವೆಂಬರಿನಲ್ಲಿ ತಿಗ್ರಾಯ್ ಯುದ್ಧ ಹೊತ್ತಿಕೊಂಡಾಗ ಕೇಳಿದ್ದರು, 2023ರಲ್ಲಿ ಅಮ್ಹಾರ ಪ್ರಾಂತದ ಫಾನೊ ಪಡೆಗಳು ಕೇಂದ್ರ ಸರ್ಕಾರದ ವಿರುದ್ಧ ಬಂದೂಕು ಹಿಡಿದಾಗಲೂ ಕೇಳಿದರು. ಪ್ರತಿ ಸಲವೂ ನಾನು ಇದೇ ಉತ್ತರವನ್ನು ಬರೆದಿದ್ದೇನೆ. ಆದರೂ ‘ಸಾವಿರಾರು ವರ್ಷಗಳ ಹಗೆತನ’ ಎಂಬ ಮಾತು ಒಗೆದಷ್ಟೂ ಮೂಡುವ ಕಲೆಯಂತೆ ಮರಳಿ ಬರುತ್ತಿದೆ. ಆದ್ದರಿಂದ ಈ ಬಾರಿ ಉಳಿದ ಸಂಗತಿಗಳನ್ನು ಚಿಕ್ಕದಾಗಿ ಮುಗಿಸಿ, ಈ ಒಂದು ನಂಬಿಕೆಯನ್ನೇ ಬುಡದಿಂದ ಪರೀಕ್ಷಿಸುತ್ತೇನೆ.

ಮೊದಲು ‘ಬುಡಕಟ್ಟು’ ಎಂಬ ಪದವನ್ನು ದಯವಿಟ್ಟು ಕೈಬಿಡಿ. ಆ ದೇಶದಲ್ಲಿ ಎಂಬತ್ತಕ್ಕೂ ಹೆಚ್ಚು ಜನಾಂಗಗಳಿವೆ. ಕೊನೆಯ ಜನಗಣತಿ ನಡೆದದ್ದು 2007ರಲ್ಲಿ. ಅದರ ಪ್ರಕಾರ ಒರೊಮೊಗಳು ಶೇ 34ರಷ್ಟು, ಅಮ್ಹಾರರು ಶೇ 27ರಷ್ಟು, ಸೋಮಾಲಿಗಳು ಮತ್ತು ತಿಗ್ರಾಯರು ತಲಾ ಶೇ 6ರಷ್ಟಿದ್ದರು. ಆಗಲೇ ಎರಡೂವರೆ ಕೋಟಿಯಷ್ಟಿದ್ದ ಒರೊಮೊಗಳನ್ನು ಬುಡಕಟ್ಟು ಎಂದು ಕರೆಯುವುದಾದರೆ ಕನ್ನಡಿಗರನ್ನೂ ತಮಿಳರನ್ನೂ ಹಾಗೆಯೇ ಕರೆಯಬೇಕಾಗುತ್ತದೆ.

ಈಗ ‘ಸರದಿ’ಯ ವಿಚಾರಕ್ಕೆ ಬರೋಣ. ಒರೊಮೊಗಳ ಸರದಿ 2018ರಲ್ಲಿ ಬಂತು ಎನ್ನುವವರು ಹದಿನೆಂಟನೆಯ ಶತಮಾನದ ಗೊಂಡರ್ ಅರಮನೆಯತ್ತ ಒಮ್ಮೆ ನೋಡಬೇಕು. 1755ರಲ್ಲಿ ಪಟ್ಟಕ್ಕೆ ಬಂದ ಇಯೋಆಸ್ ಚಕ್ರವರ್ತಿಯ ತಾಯಿ ಒರೊಮೊ ಮನೆತನದವಳು. ಅವನ ಆಸ್ಥಾನದಲ್ಲಿ ಒರೊಮೊ ಭಾಷೆ ಧಾರಾಳವಾಗಿ ಕೇಳಿಬರುತ್ತಿತ್ತು. 1769ರಲ್ಲಿ ತಿಗ್ರಾಯಿನ ಬಲಾಢ್ಯ ಸರದಾರ ರಾಸ್ (ದೊಡ್ಡ ಸರದಾರರ ಬಿರುದು) ಮಿಕಾಯೆಲ್ ಸೆಹುಲ್ ಅವನನ್ನು ಕೊಲ್ಲಿಸಿದ. ಅಲ್ಲಿಂದ 1855ರವರೆಗಿನ ಕಾಲವನ್ನು ಇಥಿಯೋಪಿಯನ್ನರು ‘ಜೆಮೆನೆ ಮೆಸಾಫಿಂತ್’, ಅಂದರೆ ಸರದಾರರ ಯುಗ ಎನ್ನುತ್ತಾರೆ. ಚಕ್ರವರ್ತಿ ಹೆಸರಿಗಷ್ಟೇ ಇದ್ದ ಆ ಯುಗದ ಬಹುಭಾಗದಲ್ಲಿ ನಿಜವಾದ ಅಧಿಕಾರ ನಡೆಸಿದವರು ಒರೊಮೊ ಮೂಲದ ಯೆಜ್ಜು ಮನೆತನದ ರಾಸ್‌ಗಳು. ತಿಗ್ರಾಯರ ಸರದಿ 1991ರಲ್ಲಿ ಬಂತು ಎನ್ನುವವರಿಗೂ ಹೀಗೆಯೇ ಒಂದು ಹೆಸರನ್ನು ನೆನಪಿಸಬೇಕಾಗಿದೆ: 1872ರಿಂದ 1889ರವರೆಗೆ ಚಕ್ರವರ್ತಿಯಾಗಿದ್ದ ನಾಲ್ಕನೆಯ ಯೊಹಾನ್ನಿಸ್ ತಿಗ್ರಾಯಿನವನು. ತಿಗ್ರಿನ್ಯಾ ಅವನ ಮನೆಮಾತಾಗಿದ್ದರೂ ಆಸ್ಥಾನದ ಪತ್ರವ್ಯವಹಾರ ಅಮ್ಹಾರಿಕ್‌ನಲ್ಲಿಯೇ ನಡೆಯುತ್ತಿತ್ತು. ಸುಡಾನಿನ ಮಹದಿ ಪಡೆಗಳ ವಿರುದ್ಧ ಮೆಟೆಮ್ಮಾದಲ್ಲಿ ಹೋರಾಡುತ್ತ ಅವನು ಮಡಿದ.

ಅವನ ನಂತರ ಬಂದ ಎರಡನೆಯ ಮೆನೆಲಿಕ್, ಶೆವಾ ಸೀಮೆಯ ಅಮ್ಹಾರ ದೊರೆ. 1896ರ ಅಡ್ವಾ ಕಾಳಗದಲ್ಲಿ ಇಟಲಿಯನ್ನು ಸೋಲಿಸಿದವನೂ ಅವನೇ, ದಕ್ಷಿಣದ ಒರೊಮೊ, ಸಿಡಾಮಾ, ವೊಲಾಯ್ತಾ ನಾಡುಗಳನ್ನು ಗೆದ್ದು ಇಂದಿನ ಇಥಿಯೋಪಿಯಾದ ಗಡಿಯನ್ನು ಬರೆದವನೂ ಅವನೇ. ಈ ದಕ್ಷಿಣದ ದಂಡಯಾತ್ರೆಗಳಲ್ಲಿ ಅವನ ಬಲಗೈಯಾಗಿದ್ದ ಸೇನಾನಿ ರಾಸ್ ಗೊಬಾನಾ ದಾಚ್ಚೆ ಸ್ವತಃ ಒರೊಮೊ. ಮೆನೆಲಿಕ್ ತನ್ನ ಉತ್ತರಾಧಿಕಾರಿಯಾಗಿ ಆರಿಸಿದ್ದು ಮಗಳ ಮಗ ಇಯಾಸುವನ್ನು. ಇಯಾಸುವಿನ ತಂದೆ ವೊಲ್ಲೊ ಸೀಮೆಯ ರಾಸ್ ಮಿಕಾಯೆಲ್, ಮುಸ್ಲಿಮನಾಗಿ ಹುಟ್ಟಿ ಕ್ರೈಸ್ತನಾದ ಒರೊಮೊ ಸರದಾರ. 1916ರಲ್ಲಿ ಇಯಾಸುವನ್ನು ಇಳಿಸಿದಾಗ ಅವನ ಮೇಲೆ ಹೊರಿಸಿದ ಆರೋಪ ಇಸ್ಲಾಮಿಗೆ ಮತಾಂತರವಾದನೆಂಬುದೇ ಹೊರತು ಒರೊಮೊ ರಕ್ತದ್ದಲ್ಲ. ಆ ಬದಲಾವಣೆಯಿಂದ ಮೇಲೇರಿ 1930ರಲ್ಲಿ ಕಿರೀಟ ಧರಿಸಿದ ಹೈಲೆ ಸೆಲಾಸಿಯ ವಂಶದಲ್ಲಿ ಅಮ್ಹಾರ, ಒರೊಮೊ, ಗುರಾಗೆ ಮೂರೂ ಕೂಡಿದ್ದವು. ಅವನ ಪತ್ನಿ ಮೆನೆನ್, ಅದೇ ರಾಸ್ ಮಿಕಾಯೆಲನ ಮೊಮ್ಮಗಳು.

ಇಷ್ಟು ಹೆಸರುಗಳನ್ನು ಉದ್ದೇಶಪೂರ್ವಕವಾಗಿಯೇ ಕೊಟ್ಟಿದ್ದೇನೆ. ಆ ಆಳುವ ವರ್ಗವನ್ನು ಹಿಡಿದಿಟ್ಟದ್ದು ಮದುವೆಯ ನಂಟು, ಆರ್ಥೊಡಾಕ್ಸ್ ಕ್ರೈಸ್ತಮತ, ಅಮ್ಹಾರಿಕ್ ಭಾಷೆ ಮತ್ತು ಉಂಬಳಿ. ಈ ನಾಲ್ಕನ್ನು ಒಪ್ಪಿಕೊಂಡವನಿಗೆ ಹುಟ್ಟು ಅಡ್ಡಿಯಾಗಲಿಲ್ಲ, ಒಪ್ಪದವನಿಗೆ ಬಾಗಿಲು ತೆರೆಯಲಿಲ್ಲ. ಅವರು ತಮ್ಮತಮ್ಮಲ್ಲೇ ಕಾದಾಡಿದ್ದು ನಿಜ. ಆದರೆ ಅವು ದಾಯಾದಿಗಳ ಗದ್ದುಗೆಯ ಜಗಳಗಳು, ಕಪ್ಪಕಾಣಿಕೆಯ ಜಗಳಗಳು. ಒಂದು ಜನಾಂಗ ಇನ್ನೊಂದರ ವಿರುದ್ಧ ಜನಾಂಗವಾಗಿ ಎದ್ದುನಿಂತ ಚಿತ್ರ ಅಲ್ಲಿಲ್ಲ.

ಹಾಗಾದರೆ ಇಂದಿನ ಕಹಿ ಎಲ್ಲಿಂದ ಬಂತು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ, ಮತ್ತು ನನ್ನ ಉತ್ತರ ಒಂದೇ ಪದದ್ದು: ನೆಲ. ಉತ್ತರದ ಅಮ್ಹಾರ ಮತ್ತು ತಿಗ್ರಾಯ್ ಸೀಮೆಗಳಲ್ಲಿ ರೈತನಿಗೆ ‘ರಿಸ್ತ್’ ಎಂಬ ಪಿತ್ರಾರ್ಜಿತ ಹಕ್ಕಿತ್ತು. ಅವನು ಬಡವನಾಗಿದ್ದರೂ ತನ್ನ ಪೂರ್ವಜನ ಹೊಲವನ್ನೇ ಉಳುತ್ತಿದ್ದ. ಮೆನೆಲಿಕ್ ಗೆದ್ದ ದಕ್ಷಿಣದಲ್ಲಿ ನಡೆದದ್ದು ಬೇರೆ. ಅಲ್ಲಿ ನೆಲೆಗೊಂಡ ಸೈನಿಕರಿಗೆ ಸಂಬಳದ ಬದಲು ರೈತ ಕುಟುಂಬಗಳ ದುಡಿಮೆಯ ಮೇಲೆ ಹಕ್ಕು ಕೊಡಲಾಯಿತು. ಬಂದೂಕಿಗೆ ಅಮ್ಹಾರಿಕ್‌ನಲ್ಲಿ ‘ನೆಫ್ತ್’ ಎನ್ನುವುದರಿಂದ ಈ ಸೈನಿಕ ಒಡೆಯರು ‘ನೆಫ್ತೆನ್ಯಾ’ ಎನಿಸಿಕೊಂಡರು. ಅವರಿಗೆ ಕಾಣಿಕೆ ಕೊಟ್ಟು ಬಿಟ್ಟಿ ದುಡಿಯುವ ರೈತ ‘ಗೆಬ್ಬಾರ್’ ಆದ. ನೆಫ್ತೆನ್ಯಾಗಳಲ್ಲಿ ಎಲ್ಲರೂ ಅಮ್ಹಾರರಾಗಿರಲಿಲ್ಲ, ಒರೊಮೊ ಸೈನಿಕರೂ ಇದ್ದರು. ಸ್ಥಳೀಯ ಗೌಡಿಕೆಯ ಮನೆತನಗಳಿಗೂ ಅದರಲ್ಲಿ ಪಾಲು ದಕ್ಕಿತ್ತು. ಆದರೆ ಒಡೆಯನ ಭಾಷೆ, ಕಚೇರಿಯ ಭಾಷೆ, ನ್ಯಾಯಾಲಯದ ಭಾಷೆ ಅಮ್ಹಾರಿಕ್ ಆಗಿತ್ತು, ಗೇಣಿದಾರನ ಭಾಷೆ ಒರೊಮೊ ಅಥವಾ ಸಿಡಾಮಾ ಆಗಿತ್ತು. ತನ್ನ ಹೊಲದ ವ್ಯಾಜ್ಯಕ್ಕೆ ದುಭಾಷಿಯನ್ನು ಕರೆದುಕೊಂಡು ಹೋಗಬೇಕಾದ ರೈತನಿಗೆ ಒಡೆತನವೂ ಜನಾಂಗವೂ ಒಂದೇ ಮುಖವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈ ನೋವಿಗೆ ರಾಜಕೀಯದ ಭಾಷೆ ಕೊಟ್ಟವರು ಅಡಿಸ್ ಅಬಾಬಾದ ವಿದ್ಯಾರ್ಥಿಗಳು. 1965ರಲ್ಲಿ ಅವರು ‘ಮೆರೆತ್ ಲೆ ಅರಾಶು’ ಎಂದು ಕೂಗುತ್ತ ಬೀದಿಗಿಳಿದರು; ನಮ್ಮಲ್ಲಿ ಎಪ್ಪತ್ತರ ದಶಕದ ಭೂಸುಧಾರಣೆಯ ಕಾಲದಲ್ಲಿ ಮೊಳಗಿದ ‘ಉಳುವವನೇ ಭೂಮಿಯ ಒಡೆಯ’ ಎಂಬ ಘೋಷಣೆಯ ಅರ್ಥವೇ ಅದಕ್ಕೂ ಇದೆ. 1969ರಲ್ಲಿ ವಲ್ಲೆಲಿನ್ ಮೆಕೊನ್ನೆನ್ ಎಂಬ ವಿದ್ಯಾರ್ಥಿ, ಇಥಿಯೋಪಿಯಾ ಒಂದು ರಾಷ್ಟ್ರವಲ್ಲ, ಹಲವು ರಾಷ್ಟ್ರಗಳ ಕೂಟ ಎಂದು ಬಹಿರಂಗವಾಗಿ ಬರೆದ. ಅವನು ವೊಲ್ಲೊ ಸೀಮೆಯ ಅಮ್ಹಾರ ಎಂಬುದನ್ನು ಗಮನಿಸಿ. ಇಂದು ಸಾವಿರಾರು ವರ್ಷ ಹಳೆಯದೆಂದು ನಾವು ತಿಳಿದಿರುವ ವಾದಕ್ಕೆ ಖಚಿತ ರೂಪ ಬಂದದ್ದು ಹೀಗೆ, ಲೆನಿನ್ ಮತ್ತು ಸ್ಟಾಲಿನ್ನರನ್ನು ಓದಿಕೊಂಡ ಇಪ್ಪತ್ತರ ಹರೆಯದವರ ಕೈಯಲ್ಲಿ.

1974ರಲ್ಲಿ ಹೈಲೆ ಸೆಲಾಸಿಯನ್ನು ಉರುಳಿಸಿದ್ದು ಯಾವ ಜನಾಂಗವೂ ಅಲ್ಲ. ವೊಲ್ಲೊದ ಬರಗಾಲವನ್ನು ಮುಚ್ಚಿಟ್ಟ ಪಾಪ, ಪೆಟ್ರೋಲಿನ ಬೆಲೆ, ಟ್ಯಾಕ್ಸಿ ಚಾಲಕರ ಮತ್ತು ಶಿಕ್ಷಕರ ಮುಷ್ಕರ, ಊಟ ನೀರು ಸರಿಯಿಲ್ಲವೆಂದು ನೆಗೆಲೆಯಲ್ಲಿ ದಂಗೆಯೆದ್ದ ಸೈನಿಕರು: ಇವೆಲ್ಲ ಸೇರಿ ಸೆಪ್ಟೆಂಬರ್ 12ರಂದು ಸಿಂಹಾಸನ ಕಳಚಿತು. ಗದ್ದುಗೆ ಹಿಡಿದ ‘ದೆರ್ಗ್’ ಎಂಬ ಸೇನಾ ಸಮಿತಿಯ ಮೊದಲ ಅಧ್ಯಕ್ಷ ಅಮಾನ್ ಅಂದೊಮ್ ಎರಿಟ್ರಿಯಾ ಮೂಲದವನು, ಎರಡನೆಯವನಾದ ತೆಫೆರಿ ಬಂತಿ ಒರೊಮೊ. ಇಬ್ಬರೂ ಅಧಿಕಾರದಲ್ಲಿದ್ದಾಗಲೇ ಅಥವಾ ಅದನ್ನು ಕಳೆದುಕೊಂಡ ಕೂಡಲೇ ಹತರಾಗಿ, 1977ರಲ್ಲಿ ಮೆಂಗಿಸ್ತು ಹೈಲೆ ಮರಿಯಮ್ ಸರ್ವಾಧಿಕಾರಿಯಾದ. ದೆರ್ಗ್ 1975ರ ಮಾರ್ಚಿನಲ್ಲಿ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿ ನೆಫ್ತೆನ್ಯಾ ವ್ಯವಸ್ಥೆಯನ್ನು ಒಂದೇ ಏಟಿಗೆ ಮುಗಿಸಿತು. ಅಲ್ಲಿಗೆ ಜನಾಂಗದ ಪ್ರಶ್ನೆಯೂ ತಣ್ಣಗಾಗಬಹುದಿತ್ತು. ಆದರೆ ದೆರ್ಗ್ ಸ್ವಾಯತ್ತತೆಯ ಮಾತನ್ನೇ ಸಹಿಸಲಿಲ್ಲ. 1976ರಿಂದ 78ರವರೆಗಿನ ‘ಕೆಂಪು ಭಯೋತ್ಪಾದನೆ’ಯಲ್ಲಿ ಎಲ್ಲ ಜನಾಂಗಗಳ ಯುವಕರೂ ಕೂಡಿದ್ದ ನಗರಗಳ ಎಡಪಕ್ಷಗಳನ್ನು ಬೀದಿಬೀದಿಯಲ್ಲಿ ಕೊಂದುಹಾಕಿತು. ಉಳಿದವರು ಬೆಟ್ಟಗಳ ಆಸರೆಯೂ ತಮ್ಮ ಭಾಷೆಯ ರೈತರ ಬೆಂಬಲವೂ ಇದ್ದವರು, ಮುಖ್ಯವಾಗಿ ಎರಿಟ್ರಿಯಾದ ಮತ್ತು ತಿಗ್ರಾಯಿನ ವಿಮೋಚನಾ ರಂಗಗಳವರು. ಜನಾಂಗದ ಹೆಸರಿನ ಪಕ್ಷಗಳು ಗೆದ್ದದ್ದಕ್ಕೆ ಬೇರೆ ಬಗೆಯ ಪಕ್ಷಗಳನ್ನು ಬದುಕಲು ಬಿಡದಿದ್ದದ್ದೇ ದೊಡ್ಡ ಕಾರಣ. ನನ್ನ ಮಟ್ಟಿಗೆ ಆ ದೇಶದ ಆಧುನಿಕ ಇತಿಹಾಸದ ಅತಿ ದುಃಖದ ತಿರುವು ಇದು.

1991ರ ಮೇ ತಿಂಗಳಿನಲ್ಲಿ ಮೆಂಗಿಸ್ತು ಜಿಂಬಾಬ್ವೆಗೆ ಓಡಿದ. ಮೆಲೆಸ್ ಜೆನಾವಿಯ ನಾಯಕತ್ವದ ತಿಗ್ರಾಯ್ ರಂಗ ಇತರ ಪಕ್ಷಗಳನ್ನು ಕೂಡಿಸಿ ಕಟ್ಟಿದ ಒಕ್ಕೂಟ ರಾಜಧಾನಿಗೆ ಬಂತು. 1995ರಲ್ಲಿ ಜಾರಿಯಾದ ಸಂವಿಧಾನ ದೇಶವನ್ನು ಹೆಚ್ಚುಕಡಿಮೆ ಜನಾಂಗಗಳ ನೆಲೆಯಲ್ಲಿ ಒಂಬತ್ತು ರಾಜ್ಯಗಳಾಗಿ ಹಂಚಿತು. ಈಗ ಅವು ಹನ್ನೆರಡಾಗಿವೆ. ಅದರ 39ನೆಯ ವಿಧಿ ಪ್ರತಿ ಜನಾಂಗಕ್ಕೂ ಪ್ರತ್ಯೇಕವಾಗುವ ಹಕ್ಕನ್ನು ಕೊಟ್ಟಿದೆ ಎಂಬುದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಪಕ್ಕದ 40ನೆಯ ವಿಧಿಯನ್ನು ಯಾರೂ ಓದುವುದಿಲ್ಲ. ಭೂಮಿಯ ಒಡೆತನ ಸರ್ಕಾರದ್ದು ಮತ್ತು ಇಥಿಯೋಪಿಯಾದ ಜನಾಂಗಗಳದ್ದು, ಅದನ್ನು ಮಾರುವಂತಿಲ್ಲ ಎನ್ನುವುದು ಆ ವಿಧಿ. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಒಗಟು ಬಿಡಿಸುತ್ತದೆ: ನೆಲದ ಹಂಚಿಕೆ ರಾಜ್ಯದ ಕೈಯಲ್ಲಿ, ರಾಜ್ಯ ಒಂದು ಜನಾಂಗದ ಹೆಸರಿನಲ್ಲಿ, ಹೀಗಿರುವಾಗ ಅಜ್ಜನ ಕಾಲದಿಂದ ಅಲ್ಲಿಯೇ ಉಳುತ್ತಿರುವ ಬೇರೆ ಜನಾಂಗದ ರೈತ ರಾತ್ರಿ ಬೆಳಗಾಗುವುದರೊಳಗೆ ಪರಕೀಯನಾಗುತ್ತಾನೆ. ಬಡಾವಣೆಯ ಆಡಳಿತವಾದ ‘ಕೆಬೆಲೆ’ ಕೊಡುವ ಗುರುತಿನ ಚೀಟಿಯಲ್ಲಿ ಜನಾಂಗವನ್ನೂ ಬರೆಯತೊಡಗಿದ ಮೇಲೆ, ತಂದೆ ಒಂದು ತಾಯಿ ಇನ್ನೊಂದು ಆಗಿದ್ದ ಎಷ್ಟೋ ಮಂದಿ ಒಂದನ್ನೇ ಆರಿಸಿಕೊಳ್ಳಬೇಕಾಯಿತು.

ಆಮೇಲಿನ ಘಟನೆಗಳಲ್ಲಿಯೂ ‘ಸರದಿ’ಯ ಸೂತ್ರ ನಿಲ್ಲುವುದಿಲ್ಲ. 1998ರಿಂದ 2000ದವರೆಗೆ ಇಥಿಯೋಪಿಯಾ ಮತ್ತು ಎರಿಟ್ರಿಯಾ ನಡೆಸಿದ ಯುದ್ಧದಲ್ಲಿ ಎರಡೂ ಕಡೆಯ ನಾಯಕರ ಮನೆಮಾತು ತಿಗ್ರಿನ್ಯಾ. 2012ರಲ್ಲಿ ಮೆಲೆಸ್ ತೀರಿಕೊಂಡ ಮೇಲೆ ಪ್ರಧಾನಿಯಾದ ಹೈಲೆಮರಿಯಮ್ ದೆಸಾಲೆನ್ ದಕ್ಷಿಣದ ವೊಲಾಯ್ತಾದವರು. ಸರದಿಯ ಪಟ್ಟಿ ಒಪ್ಪಿಸುವವರು ಅವರನ್ನು ಮರೆತೇಬಿಡುತ್ತಾರೆ. 2014–15ರಲ್ಲಿ ಒರೊಮೊ ಯುವಕರು ಬೀದಿಗಿಳಿದದ್ದು ಅಡಿಸ್ ಅಬಾಬಾವನ್ನು ಸುತ್ತಲಿನ ಹೊಲಗಳ ಮೇಲೆ ವಿಸ್ತರಿಸುವ ಯೋಜನೆಯ ವಿರುದ್ಧ. 2016ರಲ್ಲಿ ಗೊಂಡರ್ ಸಿಡಿದದ್ದು ವೊಲ್ಕಾಯ್ತ್ ಎಂಬ ಫಲವತ್ತಾದ ಸೀಮೆ ಅಮ್ಹಾರಕ್ಕೆ ಸೇರಬೇಕೋ ತಿಗ್ರಾಯಿಗೋ ಎಂಬುದಕ್ಕೆ. ಎರಡೂ ನೆಲದ ಪ್ರಶ್ನೆಗಳೇ. ಗೊಂಡರಿನ ಆ ಮೆರವಣಿಗೆಯಲ್ಲಿ ಅಮ್ಹಾರರು ಒರೊಮೊಗಳ ಪರವಾಗಿ ಫಲಕ ಹಿಡಿದಿದ್ದರು, ಆಳುವ ಒಕ್ಕೂಟದೊಳಗಿನ ಒರೊಮೊ ಮತ್ತು ಅಮ್ಹಾರ ಪಕ್ಷಗಳು ಕೈಜೋಡಿಸಿದ್ದರಿಂದಲೇ 2018ರಲ್ಲಿ ಅಬಿ ಅಹ್ಮದ್ ಗೆದ್ದರು. ಇಂದು ಒರೊಮೊ ಪ್ರಧಾನಿಯ ವಿರುದ್ಧ ಒರೊಮೊ ವಿಮೋಚನಾ ಸೇನೆ ಕಾಡಿನಲ್ಲಿದೆ. ತಿಗ್ರಾಯ್ ಯುದ್ಧದಲ್ಲಿ ಅಬಿಯವರ ಪಕ್ಕದಲ್ಲಿ ನಿಂತಿದ್ದ ಫಾನೊಗಳು ಈಗ ಎದುರಾಳಿಗಳು. ಆ ಯುದ್ಧವನ್ನು ನಿಲ್ಲಿಸಿದ 2022ರ ನವೆಂಬರಿನ ಪ್ರಿಟೋರಿಯಾ ಒಪ್ಪಂದದ ನಂತರ ತಿಗ್ರಾಯ್ ರಂಗ ತಾನೇ ಒಡೆದುಹೋಗಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಜನಾಂಗೀಯ ರಾಜಕಾರಣ ಬರಿಯ ಭ್ರಮೆ ಎಂದು ನಾನು ಹೇಳುತ್ತಿಲ್ಲ. 2018ರಲ್ಲಿ ಕಾಫಿ ಬೆಳೆಯುವ ಗೆಡೆಯೊ ಮತ್ತು ಗುಜಿ ಸೀಮೆಗಳಿಂದ ಲಕ್ಷಾಂತರ ಜನ ತಮ್ಮ ಜನಾಂಗದ ಕಾರಣಕ್ಕೇ ಮನೆಬಿಟ್ಟು ಓಡಬೇಕಾಯಿತು. ಅದು ಹೊಸದು ಎನ್ನುತ್ತಿದ್ದೇನೆ, ಸುಳ್ಳು ಎನ್ನುತ್ತಿಲ್ಲ.

ನೀವು ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸುತ್ತೇನೆ, ಏಕೆಂದರೆ ಕಾಗುಣಿತ ಕಲಿತವರಿಗೆ ಅದು ಬಹು ಬೇಗ ಅರ್ಥವಾಗುತ್ತದೆ: ದೇಶಕ್ಕೆ ಅಷ್ಟು ಪ್ರಾಚೀನವಾದ ಗೀಝ್ ಲಿಪಿಯಿರುವಾಗ ಒರೊಮೊ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಏಕೆ ಬರೆಯುತ್ತಾರೆ? ಗೀಝ್ ಲಿಪಿಯೂ ನಮ್ಮದರಂತೆಯೇ ವ್ಯಂಜನದ ಮೈಗೆ ಸ್ವರದ ಗುರುತು ಹತ್ತಿಸುವ ಲಿಪಿ. ಪ್ರತಿ ವ್ಯಂಜನಕ್ಕೂ ಏಳು ರೂಪಗಳು. ಆದರೆ ಅದರಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಕ್ಷರವಿಲ್ಲ. ಒರೊಮೊ ಭಾಷೆಯಲ್ಲಿ ಐದು ಹ್ರಸ್ವ, ಐದು ದೀರ್ಘ ಸ್ವರಗಳಿವೆ: ‘ಲಫ’ ಎಂದರೆ ನೆಲ, ‘ಲಾಫಾ’ ಎಂದರೆ ಮೆತ್ತಗಿನದು, ‘ಬದಾ’ ಎಂದರೆ ಕೆಟ್ಟದ್ದು, ‘ಬದ್ದಾ’ ಎಂದರೆ ಎತ್ತರದ ತಂಪು ಸೀಮೆ. ಹಾಗಿದ್ದೂ 1899ರಲ್ಲಿ ಒನೆಸಿಮೊಸ್ ನೆಸಿಬ್ ಬೈಬಲ್ಲನ್ನು ಒರೊಮೊ ಭಾಷೆಗೆ ತಂದದ್ದು ಗೀಝ್ ಲಿಪಿಯಲ್ಲಿಯೇ, 1979ರ ಸಾಕ್ಷರತಾ ಆಂದೋಲನದಲ್ಲಿ ದೆರ್ಗ್ ಸರ್ಕಾರ ಹದಿನೈದು ಭಾಷೆಗಳನ್ನು ಕಲಿಸಿದ್ದೂ ಅದರಲ್ಲಿಯೇ. ಒತ್ತನ್ನು ಬರೆಯದೆಯೇ ಓದಿಕೊಳ್ಳುವ ರೂಢಿ ಅಮ್ಹಾರಿಕ್‌ಗೂ ಇದೆ. ಆದ್ದರಿಂದ 1991ರಲ್ಲಿ ‘ಕುಬೆ’ ಎಂಬ ರೋಮನ್ ಬರಹವನ್ನು ಒಪ್ಪಿಕೊಂಡಾಗ ಧ್ವನಿಗಳ ಅನುಕೂಲವೊಂದೇ ಲೆಕ್ಕದಲ್ಲಿರಲಿಲ್ಲ. ಭೂದಾಖಲೆಯ ಮತ್ತು ನ್ಯಾಯಾಲಯದ ಲಿಪಿಯಿಂದ ಹೊರಬರುವ ಹಟವೂ ಇತ್ತು.

ಮೂರನೆಯ ದಾರಿಯೊಂದು ಅದಕ್ಕೂ ಮೊದಲೇ ಇತ್ತು. ಪೂರ್ವದ ಹರಾರ್ ಸೀಮೆಯ ಧರ್ಮಪಂಡಿತ ಶೇಖ್ ಬಕ್ರಿ ಸಪಾಲೊ 1950ರ ದಶಕದಲ್ಲಿ ಒರೊಮೊ ಧ್ವನಿಗಳಿಗೆಂದೇ ಹೊಸದೊಂದು ಲಿಪಿಯನ್ನು ರೂಪಿಸಿ ಸುತ್ತಲಿನವರಿಗೆ ಕಲಿಸತೊಡಗಿದ್ದರು. ಅಧಿಕಾರಿಗಳು ಅದನ್ನು ಹತ್ತಿಕ್ಕಿದರು. ಶೇಖರು 1980ರಲ್ಲಿ ಸೋಮಾಲಿಯಾದಲ್ಲಿ ನಿರಾಶ್ರಿತರಾಗಿ ತೀರಿಕೊಂಡರು, ಮತ್ತು ಹನ್ನೊಂದು ವರ್ಷಗಳ ನಂತರ ಒರೊಮೊ ಮಕ್ಕಳಿಗೆ ಅವರ ಭಾಷೆಯಲ್ಲಿ ಪಠ್ಯಪುಸ್ತಕ ಬರೆಯುವ ಕಾಲ ಬಂದಾಗ ಆ ಲಿಪಿಯನ್ನು ಯಾರೂ ಎತ್ತಿಕೊಳ್ಳಲಿಲ್ಲ.