ಸೇಂದಿ ಬಿಡಿಸೋಕೆ ನಮ್ಮೂರ ಡಾಕ್ಟ್ರು ಸಾಕಾ?

ಪ್ರಶ್ನೆ: ನಮ್ಮ ಯಜಮಾನರು ವರ್ಷಗಳಿಂದ ಸಿ.ಎಚ್. ಪೌಡರ್ ಬೆರೆಸಿದ ಸೇಂದಿ ಕುಡೀತಾರೆ. ಈಗ ಬಿಡ್ತೀನಿ ಅಂತಿದ್ದಾರೆ. ನಮ್ಮೂರ ಡಾಕ್ಟ್ರ ಹತ್ರ ಆಗುತ್ತಾ, ಬೆಂಗಳೂರಿಗೇ ಕರ್ಕೊಂಡು ಹೋಗ್ಬೇಕಾ?

ಉತ್ತರ: ಆಗುತ್ತದೆ ತಾಯಿ. ಮಾನ್ವಿಯಿಂದ, ದೇವದುರ್ಗದಿಂದ, ಗಂಗಾವತಿಯಿಂದ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ, ನಾನೂ ಇದೇ ಉತ್ತರ ಬರೆಯುತ್ತಲೇ ಇದ್ದೇನೆ. ಹೆಚ್ಚಿನವರಿಗೆ ಬೆಂಗಳೂರು ಬೇಕಿಲ್ಲ.

ಆದರೆ ಪತ್ರದ ಕೊನೆಗೆ ನೀವೂ ಅದೇ ಸಾಲು ಸೇರಿಸಿದ್ದೀರಿ: "ಕೋಣೆಯಲ್ಲಿ ಕೂಡಿಹಾಕಿ ಮೂರು ದಿನ ತಡೆದರೆ ತಾನೇ ಇಳಿಯುತ್ತೆ ಅಂತಾರೆ." ಯಾರು ಹಾಗನ್ನೋದು? ಅವರನ್ನ ಒಮ್ಮೆ ನನ್ನ ಮುಂದೆ ಕೂರಿಸಿ. ಜೀವಕ್ಕೆ ಅಪಾಯ ಇರೋದೇ ಆ ಮೂರು ದಿನದಲ್ಲಿ.

ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್. ಹಿಂದೆ ನಿದ್ದೆಗೆಂದು ಕೊಡುತ್ತಿದ್ದ ಔಷಧ. ದಿನವೂ ಮಂಪರು ಬೀಳುತ್ತಿದ್ದರೆ ಮಿದುಳು ಅದಕ್ಕೆ ಎದುರಾಗಿ ಜಗ್ಗುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ತಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಏನಾಗುತ್ತಾರೆ? ಇಲ್ಲೂ ಅದೇ. ಸಾರಾಯಿ ಬಿಟ್ಟವರಲ್ಲಿ ಮೊದಲು ಕೈನಡುಕ, ಬೆವರು, ವಾಂತಿ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಎರಡನೇ, ಮೂರನೇ ದಿನ ಸನ್ನಿ. ಪೌಡರಿನದೂ ಹೆಚ್ಚುಕಮ್ಮಿ ಇದೇ ದಾರಿ.

ಸನ್ನಿ ಹೇಗಿರುತ್ತದೆ ಗೊತ್ತಾ? ಹೊಲದ ಕೆಲಸದವನು ಮಂಚದ ಮೇಲೆ ಕೂತು ಗಾಳಿಯಲ್ಲೇ ಹತ್ತಿ ಬಿಡಿಸುತ್ತಾನೆ. ಬಿಡಿಸಿದ್ದನ್ನು ಮಡಿಲಿಗೆ ಹಾಕಿಕೊಳ್ಳುತ್ತಾನೆ. ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ, ಒರೆಸು ಅಂತಾನೆ. ಮನೆಯವರು ಗಾಳಿ ಸೋಕಿದೆ ಅಂದುಕೊಂಡು ತಾಯತ ಕಟ್ಟಿಸುತ್ತಾರೆ. ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸನ್ನಿಯಲ್ಲಿ ಪ್ರಾಣವೇ ಹೋಗಬಹುದು. ಮನಸ್ಸು ಗಟ್ಟಿ ಮಾಡಿಕೊಂಡರೆ ಫಿಟ್ಸ್ ನಿಲ್ಲಲ್ಲ ತಾಯಿ. ಬಾಗಿಲ ಚಿಲಕ ಹಾಕಿದರೂ ನಿಲ್ಲಲ್ಲ.

ನಿಮ್ಮ ಡಾಕ್ಟ್ರು ಮಾಡೋದು ಇಷ್ಟು. ಡಯಾಜೆಪಾಂ ಥರದ ಮಾತ್ರೆ ಕೊಟ್ಟು, ದಿನದಿನಕ್ಕೆ ಇಳಿಸುತ್ತಾ, ವಾರ ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. ಜತೆಗೆ ಬಿ1 ವಿಟಮಿನ್. "ಸುಮ್ನೆ ಒಂದು ಗ್ಲೂಕೋಸ್ ಬಾಟಲಿ ಏರಿಸಿ" ಅಂತ ಒತ್ತಾಯ ಮಾಡಬೇಡಿ. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಮಾತ್ರೆ ನಿಮ್ಮ ಕೈಲಿರಲಿ, ಅವರ ಜೇಬಿನಲ್ಲಿ ಬೇಡ. ಮಾತ್ರೆಯ ಮೇಲೆ ಸೇಂದಿ ಬಿದ್ದರೆ ಉಸಿರು ನಿಲ್ಲಬಹುದು. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ನೀವೇ ಕೊಳ್ಳೋದಂತೂ ಬೇಡವೇ ಬೇಡ.

ಹಿಂದೆ ಫಿಟ್ಸ್ ಬಂದಿದ್ದರೆ, ಕಾಮಾಲೆ ಇದ್ದರೆ, ಮಾತು ಅಸ್ತವ್ಯಸ್ತ ಆಗಿದ್ದರೆ, ರಾತ್ರಿ ನೋಡಿಕೊಳ್ಳೋರು ಇಲ್ಲದಿದ್ದರೆ ಮನೆಯಲ್ಲಿ ಬಿಡಿಸಬೇಡಿ. ನೇರ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ರಿಮ್ಸ್‌ಗೆ ಬನ್ನಿ. ಅದೂ ರಾಯಚೂರಿನಲ್ಲೇ ಇದೆಯಲ್ವಾ?

ಇನ್ನು ನಿಜವಾದ ಕಷ್ಟ ಶುರುವಾಗೋದು ಹತ್ತು ದಿನದ ನಂತರ. ನಡುಕ ಹೋಗಿರುತ್ತದೆ, ಆಸೆ ಹೋಗಿರಲ್ಲ. ತಿಂಗಳುಗಟ್ಟಲೆ ಆಗಾಗ ಕಂಡು ಮಾತಾಡಿಸೋರು ಬೇಕು. ಅದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಗುವ ಡಾಕ್ಟ್ರೇ ವಾಸಿ. ಅವರಿಗೆ ತೊಡಕು ಬಂದರೆ ಮಾನಸಿಕ ತಜ್ಞರಿಗೆ ಫೋನ್ ಮಾಡಿ ಕೇಳುತ್ತಾರೆ. ಮನೋಚೈತನ್ಯ ಯೋಜನೆಯಲ್ಲಿ ತಜ್ಞರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡಿದೆ. ನೀವೇ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡು ಕೊಡಬೇಕಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. "ಸಣ್ಣ ಡಾಕ್ಟ್ರಿಗೆ ಇದೆಲ್ಲ ಎಲ್ಲಿ ಬರುತ್ತೆ" ಅನ್ನೋರಿಗೆ ನಮ್ಮ ಪಕ್ಕದ ಜಿಲ್ಲೆಯ ಕಥೆಯೇ ಗೊತ್ತಿಲ್ಲ. 1985ರಲ್ಲಿ ನಿಮ್ಹಾನ್ಸ್‌ನವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರುಗಳಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೂ ಮೂರ್ಛೆ ರೋಗಕ್ಕೂ ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. ಅದಕ್ಕೇ ಬಳ್ಳಾರಿ ಮಾದರಿ ಅಂತ ಹೆಸರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದರ ಮೇಲೆಯೇ. ಈಗ ನಿಮ್ಹಾನ್ಸ್ ತಜ್ಞರು ವಿಡಿಯೋದಲ್ಲೇ ಜಿಲ್ಲೆಗಳ ಡಾಕ್ಟ್ರುಗಳಿಗೆ ಚಟದ ಚಿಕಿತ್ಸೆ ಹೇಳಿಕೊಡುತ್ತಾರೆ. ನಿಮ್ಮ ಡಾಕ್ಟ್ರು ಆ ತರಬೇತಿ ತಗೊಂಡಿದ್ದಾರಾ ಅಂತ ಕೇಳಿ, ಬೇಜಾರು ಮಾಡಿಕೊಳ್ಳಲ್ಲ.