ಟ್ರೇಲ್ ಕಟ್ಟಲು ದುಡ್ಡಿದೆ, ನೋಡಿಕೊಳ್ಳಲು?

ಅಮೆರಿಕದ ನಗರಗಳಲ್ಲಿ ನಡೆಯುವುದಕ್ಕೆ, ಸೈಕಲ್ಲಿಗೆ ಅಂತಲೇ ಮಾಡುವ ದಾರಿಗಳ, ಅಂದರೆ ಬಡಾವಣೆಯ ಟ್ರೇಲ್‌ಗಳ ಬಗ್ಗೆ ಮೊದಲು ಚರ್ಚೆಯಾಗುವುದು ಹೆಚ್ಚಾಗಿ ಪಾರ್ಕ್ ಸಮಿತಿಯಲ್ಲಿ ಅಥವಾ ಟ್ರೇಲ್ ಸಮಿತಿಯಲ್ಲಿ. ಬಹಳ ಕಡೆ ಇವು ಸಲಹೆ ಕೊಡುವ ಸಮಿತಿಗಳು ಅಷ್ಟೇ. ದುಡ್ಡು ಮಂಜೂರು ಮಾಡುವುದು ನಗರ ಕೌನ್ಸಿಲ್. ಇಂಥ ಸಭೆಗಳಿಗೆ ನಕ್ಷೆ, ಅಂದಾಜು ಪಟ್ಟಿ ತಯಾರು ಮಾಡಿಕೊಡುವುದು ನನ್ನ ಕೆಲಸ. ನಕ್ಷೆ ಮೇಲಿನ ಗೆರೆ ಎಲ್ಲಿ ಹಾಯಬೇಕು ಅನ್ನುವುದಕ್ಕೇ ಅಲ್ಲಿ ಜಾಸ್ತಿ ಹೊತ್ತು ಹೋಗುತ್ತದೆ. ಈ ದಾರಿಯನ್ನು ವರ್ಷಾವರ್ಷ ಯಾರು ನೋಡಿಕೊಳ್ಳುತ್ತಾರೆ, ಯಾವ ದುಡ್ಡಿನಲ್ಲಿ ಅನ್ನುವ ಪ್ರಶ್ನೆ ಎಲ್ಲರೂ ಕುರ್ಚಿ ಬಿಟ್ಟೇಳುವ ಹೊತ್ತಿಗೆ ಬಂದರೆ ಬಂತು.

ಇದಕ್ಕೆ ಒಂದು ಕಾರಣ ಅನುದಾನದ ಲೆಕ್ಕ. ಟ್ರೇಲ್‌ಗೆಂದೇ ಇರುವ ಮುಖ್ಯ ಫೆಡರಲ್ (ಕೇಂದ್ರ ಸರ್ಕಾರದ) ಯೋಜನೆ 'ರಿಕ್ರಿಯೇಷನಲ್ ಟ್ರೇಲ್ಸ್ ಪ್ರೋಗ್ರಾಂ'. 1991ರಲ್ಲಿ ಶುರುವಾಯಿತು. ರಸ್ತೆ ಬಿಟ್ಟು ಕಾಡು-ಗುಡ್ಡದಲ್ಲಿ ಓಡುವ ಬೈಕು, ಹಿಮವಾಹನಗಳಂಥವು ಸುಡುವ ಇಂಧನದ ಮೇಲಿನ ತೆರಿಗೆಯೇ ಇದರ ಮೂಲ. ಸಾಮಾನ್ಯವಾಗಿ ಖರ್ಚಿನ 80%ವರೆಗೆ ಇದರಿಂದ ಸಿಗುತ್ತದೆ, ಉಳಿದ 20% ಊರಿನ ಪಾಲು. ಈ ಪಾಲು ಪೂರ್ತಿ ನಗದಾಗಿಯೇ ಇರಬೇಕಿಲ್ಲ. ಸ್ವಯಂಸೇವಕರ ದುಡಿಮೆ, ದಾನ ಬಂದ ಸಾಮಗ್ರಿಗಳಿಗೂ ಬೆಲೆ ಕಟ್ಟಿ ಸೇರಿಸಬಹುದು. ಇನ್ನೊಂದು, 1964ರ ಕಾಯ್ದೆಯಿಂದ ಬಂದ 'ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಷನ್ ಫಂಡ್'. ಇದು ಅರ್ಧ ಕೊಡುತ್ತದೆ, ಅರ್ಧ ನೀವು ಹಾಕಬೇಕು. ಇದಕ್ಕೊಂದು ಗಟ್ಟಿ ಷರತ್ತಿದೆ. ಆ ಜಾಗ ಮುಂದೆಂದೂ ಸಾರ್ವಜನಿಕರ ಹೊರಾಂಗಣ ವಿಹಾರಕ್ಕೇ ಮೀಸಲು. ಬೇರೆ ಬಳಕೆಗೆ ಕೊಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು, ಅಷ್ಟೇ ಬೆಲೆಯ ಬದಲಿ ಜಾಗವನ್ನೂ ಕೊಡಬೇಕು.

80% ಅಂದ ಕೂಡಲೇ ಸಭೆಯಲ್ಲಿ ಮುಖಗಳು ಅರಳುತ್ತವೆ. ಆದರೆ ಈ ಎರಡೂ ಅನುದಾನಗಳು ಸಾಮಾನ್ಯವಾಗಿ ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ಲು ಕೊಟ್ಟು ವಾಪಸ್ ಪಡೆಯುವಂಥವು. ಖಜಾನೆಯಲ್ಲಿ ಅಷ್ಟು ದುಡ್ಡು ಆಡದ ಸಣ್ಣ ಊರಿಗೆ ಇದೇ ದೊಡ್ಡ ತೊಡಕು. ಇನ್ನು ನಿರ್ವಹಣೆ. ಎರಡನೆಯ ನಿಧಿ ದಿನನಿತ್ಯದ ನಿರ್ವಹಣೆಗೆ ಕೊಡುವುದೇ ಇಲ್ಲ. ಮೊದಲನೆಯದರಲ್ಲಿ ದುರಸ್ತಿಗೆ ಅವಕಾಶವಿದೆ ನಿಜ, ಆದರೆ ಅರ್ಜಿ ಹಾಕಿ, ಪೈಪೋಟಿಯಲ್ಲಿ ಗೆದ್ದು ಪಡೆಯಬೇಕು. ದಾರಿಗೆ ಅಡ್ಡ ಬಿದ್ದ ಮರಕ್ಕೆ ಅಷ್ಟೆಲ್ಲ ಕಾಯೋಕಾಗುತ್ತಾ?

ಹಾಗಾಗಿ ಮೇಲ್ಮೈ ಯಾವುದು ಅನ್ನುವ ಪ್ರಶ್ನೆ ನಿಜಕ್ಕೂ ದುಡ್ಡಿನ ಪ್ರಶ್ನೆ. ಡಾಂಬರು ಸೈಕಲ್ಲಿಗೆ, ಮಗುವಿನ ತಳ್ಳುಗಾಡಿಗೆ ಚೆನ್ನ, ಆದರೆ ಪಕ್ಕದ ಮರದ ಬೇರು ಅದನ್ನು ಎತ್ತಿಬಿಡುತ್ತದೆ. ಕಾಂಕ್ರೀಟಿಗೆ ಮೊದಲ ಖರ್ಚು ಜಾಸ್ತಿ, ಬಾಳಿಕೆಯೂ ಜಾಸ್ತಿ. ಜಲ್ಲಿಪುಡಿಯನ್ನು ಚೆನ್ನಾಗಿ ದಮ್ಮಸ್ಸು ಮಾಡಿದರೆ ಗಾಲಿಕುರ್ಚಿಯೂ ಸಲೀಸಾಗಿ ಹೋಗುತ್ತದೆ. ಇಳಿಜಾರಿನಲ್ಲಿ ಹಾಕಿದರೆ ಮಾತ್ರ ಜೋರು ಮಳೆಗೆ ಕೆಳಗಿನ ಮೋರಿಗೆ ಹೋಗಿ ಸೇರುತ್ತದೆ. ಬರೀ ಮಣ್ಣಿನ ದಾರಿ ಎಲ್ಲಕ್ಕಿಂತ ಅಗ್ಗ, ಸ್ವಯಂಸೇವಕರೇ ಮಾಡಬಹುದು.

ಮಣ್ಣಿನ ದಾರಿ ಹಾಳಾಗುವುದು ಕಾಲಿನಿಂದ ಅನ್ನುವುದಕ್ಕಿಂತ ಹೆಚ್ಚಾಗಿ ನೀರಿನಿಂದ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು ಅನ್ನುವ ಲೆಕ್ಕವನ್ನು ಟ್ರೇಲ್ ಕೆಲಸದವರು ಪಾಲಿಸುತ್ತಾರೆ. ಗುಡ್ಡ 16% ಇಳಿಜಾರಿದ್ದರೆ ದಾರಿ 8% ಮೀರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುವ ಬದಲು ದಾರಿಯಲ್ಲೇ ಹರಿದು ಕೊರಕಲು ಮಾಡುತ್ತದೆ. ನಕ್ಷೆಯಲ್ಲಿ ನೇರ ಗೆರೆ ಎಳೆಯಿರಿ ಅನ್ನುವ ಸದಸ್ಯರಿಗೆ ನಾನು ಇದನ್ನೇ ಹೇಳುವುದು. ಸುತ್ತಿ ಹೋಗುವ ದಾರಿಗೆ ಮೊದಲು ಖರ್ಚು ಸ್ವಲ್ಪ ಹೆಚ್ಚಾದರೂ ರಿಪೇರಿ ಕಡಿಮೆ.

ಅಗಲದ ವಿಷಯದಲ್ಲೂ ಇದೇ ಜಗ್ಗಾಟ. ನಡೆಯುವವರೂ ಸೈಕಲ್ಲಿನವರೂ ಹಂಚಿಕೊಳ್ಳುವ ದಾರಿಗೆ 10 ಅಡಿ ಅಗಲ, ಅಡ್ಡ ಇಳಿಜಾರು (ದಾರಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇರುವ ಇಳಿಜಾರು) 2% ಮೀರಬಾರದು ಅನ್ನುವುದು ಅಲ್ಲಿ ರೂಢಿಯ ಅಳತೆ. ಮುಖ್ಯ ದಾರಿಗೆ ಇದು ಸರಿ. ಎರಡು ಡೆಡ್ ಎಂಡ್ ರಸ್ತೆಗಳನ್ನು ಸೇರಿಸುವ ತುಂಡು ದಾರಿಗೂ ಅಷ್ಟೇ ಅಗಲ ಬೇಕು ಅಂತ ಹಟ ಹಿಡಿದರೆ ಇರುವ ಮರ ಕಡಿಯಬೇಕಾಗುತ್ತದೆ, ಅಂದಾಜು ಉಬ್ಬುತ್ತದೆ. ಕೊನೆಗೆ ಆ ದಾರಿಯೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ನನ್ನನ್ನು ಕೇಳಿದರೆ ಇಂಥ ತುಂಡುಗಳೇ ಹೆಚ್ಚು ಉಪಯೋಗ. ಮಕ್ಕಳು ದೊಡ್ಡ ರಸ್ತೆ ಮುಟ್ಟದೆ ಶಾಲೆಗೆ ಹೋಗುವುದು ಇವುಗಳಿಂದಲೇ. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳುವಷ್ಟು ಉದ್ದ ಇರುವುದಿಲ್ಲ, ಅದೊಂದೇ ಕೊರತೆ.

ಖಾಸಗಿ ಜಾಗ ದಾಟಬೇಕಿದ್ದರೆ ಓಡಾಟದ ಹಕ್ಕನ್ನು ಅರ್ಜಿಗೆ ಮೊದಲೇ ಬರಹದಲ್ಲಿ ಪಡೆಯಬೇಕು. ಮಾಲೀಕರ ಬಾಯಿಮಾತಿನ ಒಪ್ಪಿಗೆ ಮನೆ ಮಾರಿದ ದಿನವೇ ಮುಗಿಯಿತು.

ನಿರ್ಮಾಣಕ್ಕೆ ಮತ ಹಾಕುವ ಠರಾವಿನಲ್ಲೇ ವರ್ಷದ ನಿರ್ವಹಣೆಯ ಮೊತ್ತ ಮತ್ತು ಹೊಣೆಗಾರ ಇಲಾಖೆಯ ಹೆಸರು ಇರಲಿ ಅಂತ ನಾನು ಕೇಳುತ್ತೇನೆ. 'ಸ್ವಯಂಸೇವಕರು ನೋಡಿಕೊಳ್ಳುತ್ತಾರೆ' ಅಂತ ಬರೆದು ಮುಗಿಸುವುದು ಸಾಲದು. ಅವರು ಪೊದೆ ಸವರುತ್ತಾರೆ, ಕಸ ಹೆಕ್ಕುತ್ತಾರೆ. ಕುಸಿದ ಮೋರಿಯನ್ನು ಬದಲಿಸುವುದಕ್ಕೆ ಯಂತ್ರ ಬೇಕು, ಗುತ್ತಿಗೆದಾರರು ಬೇಕು. ಆ ಮೊತ್ತ ಸೇರಿಸಿದಾಗ ಕೆಲವೊಮ್ಮೆ ಟ್ರೇಲ್‌ನ ಉದ್ದ ಅರ್ಧಕ್ಕೆ ಇಳಿಯುತ್ತದೆ. ಸದಸ್ಯರು ಗೊಣಗುತ್ತಾರೆ. ಅರ್ಧವನ್ನೇ ಮೊದಲು ಕಟ್ಟಿ, ಉಳಿದದ್ದನ್ನು ಎರಡನೇ ಹಂತವೆಂದು ಬರೆದಿಡಿ ಅಂತ ಹೇಳುತ್ತೇನೆ. ಮೊದಲ ಹಂತ ಸುಸ್ಥಿತಿಯಲ್ಲಿದ್ದರೆ ಮುಂದಿನ ಅರ್ಜಿಯ ಜೊತೆ ತೋರಿಸಲು ಏನಾದರೂ ಇರುತ್ತದಲ್ವಾ.