90 ಮಣಿಗಳ ಅಣು

ಮಣಿ ಪೋಣಿಸಿ ಅಣುಗಳ ಮಾದರಿ ಕಟ್ಟೋಣ. ನೈಲಾನ್ ದಾರಕ್ಕೆ ಐದು ಮಣಿ ಪೋಣಿಸಿ. ದಾರದ ಎರಡೂ ತುದಿಗಳನ್ನು ಐದನೇ ಮಣಿಯೊಳಗೆ ಎದುರುಬದುರಾಗಿ ತೂರಿಸಿ ಎಳೆಯಿರಿ. ಪುಟ್ಟ ಬಳೆಯೊಂದು ಸಿಗುತ್ತದೆ. ಇನ್ನು ಅದರ ಸುತ್ತ ಆರು ಮಣಿಗಳ ಐದು ಬಳೆ ಕಟ್ಟಬೇಕು. ಅಕ್ಕಪಕ್ಕದ ಬಳೆಗಳು ಮಣಿ ಹಂಚಿಕೊಳ್ಳುತ್ತವೆ. ಹಾಗಾಗಿ ಮೊದಲನೆಯದಕ್ಕೆ ಐದು ಹೊಸ ಮಣಿ, ಆಮೇಲಿನ ಮೂರಕ್ಕೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರೇ ಸಾಕು. ಒಟ್ಟು 25. ಈಗ ದಾರ ಬಿಗಿ ಮಾಡಿ ನೋಡಿ. ಹೆಣಿಗೆ ತಾನಾಗಿಯೇ ಬಟ್ಟಲಿನ ಹಾಗೆ ಬಾಗುತ್ತದೆ!

ನಿಮ್ಮ ಕೈಯಲ್ಲಿರುವುದು ಕೊರಾನ್ಯುಲೀನ್ ಅನ್ನೋ ಅಣುವಿನ ಇಂಗಾಲದ ಚೌಕಟ್ಟು: 20 ಪರಮಾಣು, 25 ಬಂಧ. ನಿಜವಾದ ಅಣುವೂ ಬಟ್ಟಲಿನ ಆಕಾರದ್ದೇ. ನಡುವಿನ ಬಳೆಗೆ ಆರು ಮಣಿ ಹಾಕಿ ಸುತ್ತಲೂ ಆರು ಬಳೆ ಕಟ್ಟಿದರೆ ಹೆಣಿಗೆ ಚಪ್ಪಟೆ, ಅದು ಕೊರೊನೀನ್ ಅನ್ನೋ ಅಣು. ಏಳು ಹಾಕಿದರೆ ಕುದುರೆಯ ಜೀನಿನ ಹಾಗೆ ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಬಾಗುತ್ತದೆ. ಅಂಥ ಅಣುವನ್ನೂ ರಸಾಯನಶಾಸ್ತ್ರಜ್ಞರು ತಯಾರಿಸಿದ್ದಾರೆ.

ಮಣಿ ನೋಡಿದ ತಕ್ಷಣ ಅದೇ ಪರಮಾಣು ಅನ್ನಿಸುತ್ತೆ, ಅಲ್ವಾ? ಆದರೆ ಇಲ್ಲಿ ಒಂದು ಮಣಿ ಅಂದರೆ ಒಂದು ಬಂಧ. ಮೂರು ಮಣಿ ಒಂದಕ್ಕೊಂದು ತಾಕುವ ಸಂದಿಯಲ್ಲಿ ಪರಮಾಣು ಇದೆ ಅಂತ ಲೆಕ್ಕ. ನನಗೆ ಈ ಕಲೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಬಂಧಗಳ ಎಲೆಕ್ಟ್ರಾನ್‌ಗಳು ಪರಸ್ಪರ ತಳ್ಳುವಂತೆ ಮಣಿಗಳೂ ಜಾಗಕ್ಕಾಗಿ ಪಕ್ಕದವನ್ನು ತಳ್ಳುತ್ತವೆ. ಆಕಾರ ಹುಟ್ಟುವುದು ಆ ತಳ್ಳಾಟದಿಂದ. ರಾಷ್ಟ್ರೀಯ ತೈವಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬಿ-ಯಾವ್ ಜಿನ್ ಮತ್ತು ಅವರ ಸಂಗಡಿಗರು ಹೀಗೆಯೇ ನ್ಯಾನೋಟ್ಯೂಬುಗಳನ್ನೂ (ಇಂಗಾಲದ ಅತಿ ಸಣ್ಣ ಕೊಳವೆಗಳು) ಉಂಗುರದಂಥ ಅಣುಗಳನ್ನೂ ಕಟ್ಟಿದ್ದಾರೆ.

ಬಟ್ಟಲನ್ನು ಅಲ್ಲಿಗೇ ಬಿಡಬೇಡಿ. ಅಂಚಿನಲ್ಲಿ ಆರರ ಎರಡು ಬಳೆ ಸೇರುವ ಕುಳಿಗಳಿವೆ. ಅಲ್ಲೆಲ್ಲ ಐದರ ಬಳೆ ಕೂರಿಸಿ, ಉಳಿದ ಕಡೆ ಆರರದ್ದು. ಐದರ ಬಳೆಗಳು ಒಂದನ್ನೊಂದು ಮುಟ್ಟಬಾರದು, ಅಷ್ಟೇ ನಿಯಮ. 90 ಮಣಿ ಮುಗಿಯುವಾಗ ಸಿ-60 ಸಿದ್ಧ, ಅಂದರೆ 60 ಇಂಗಾಲದ ಪರಮಾಣುಗಳ ಚೆಂಡು. ಹೆರಾಲ್ಡ್ ಕ್ರೋಟೊ, ರಾಬರ್ಟ್ ಕರ್ಲ್, ರಿಚರ್ಡ್ ಸ್ಮಾಲಿ 1985ರಲ್ಲಿ ಕಂಡುಹಿಡಿದು 1996ರಲ್ಲಿ ನೊಬೆಲ್ ಪಡೆದ ಅಣು ಇದು. ಐದರ ಬಳೆಗಳ 60 ಮಣಿಗೆ ಒಂದು ಬಣ್ಣ, ಉಳಿದ 30ಕ್ಕೆ ಇನ್ನೊಂದು ಬಣ್ಣ ಇಟ್ಟರೆ ಚೆನ್ನ. ನಿಜವಾದ ಅಣುವಿನಲ್ಲಿ ಆ 30 ಬಂಧಗಳು ಸ್ವಲ್ಪ ಗಿಡ್ಡ.

ಎಣಿಸಿ ನೋಡಿ: ಆರರ ಬಳೆ 20, ಐದರದ್ದು 12. ಇದಕ್ಕಿಂತ ದೊಡ್ಡ ಸಿ-70ಕ್ಕೆ 105 ಮಣಿ ಬೇಕು. ಅದರಲ್ಲಿ ಆರರ ಬಳೆ 25 ಆಗುತ್ತದೆ, ಐದರದ್ದು ಮಾತ್ರ ಮತ್ತೆ 12! ಚೆಂಡಿನಂತೆ ಮುಚ್ಚಿಕೊಳ್ಳುವ ಯಾವ ಜಾಲದಲ್ಲೂ ಮೂಲೆಗಳ (ಇಲ್ಲಿ ಪರಮಾಣು) ಸಂಖ್ಯೆಯಿಂದ ಅಂಚುಗಳನ್ನು (ಮಣಿ) ಕಳೆದು ಮುಖಗಳನ್ನು (ಬಳೆ) ಕೂಡಿದರೆ 2 ಬರುತ್ತದೆ. ಇದು ಗಣಿತಜ್ಞ ಆಯ್ಲರ್ ಸೂತ್ರ. ಪ್ರತಿ ಮೂಲೆಯಲ್ಲೂ ಮೂರೇ ಅಂಚು ಅಂದರೆ, ಲೆಕ್ಕದಲ್ಲಿ ಆರರ ಬಳೆಗಳೆಲ್ಲ ಹೊಡೆದುಹೋಗಿ ಐದರ ಬಳೆ 12 ಅಂತ ಉಳಿಯುತ್ತದೆ. ಎಲ್ಲೋ ಒಂದು ಐದರ ಬದಲು ಆರು ಹಾಕಿಬಿಟ್ಟರೆ ಮುಂದೆ ಬಳೆಗಳು ಕೂಡಿಬರುವುದೇ ಇಲ್ಲ. ಅಲ್ಲೀವರೆಗೂ ಬಿಚ್ಚಲೇಬೇಕು.

ದಾರ ಪ್ರತಿ ಮಣಿಯೊಳಗೂ ಎರಡು ಸಲ ಹೋಗುತ್ತದೆ. 6 ಮಿಲಿಮೀಟರ್ ಮಣಿಯಾದರೆ ಅದಕ್ಕೇ ಒಂದು ಮೀಟರಿಗಿಂತ ಜಾಸ್ತಿ ಬೇಕು. ಎರಡು ಮೀಟರ್ ಇಟ್ಟುಕೊಳ್ಳಿ. ಕೊನೆಯ ಐದರ ಬಳೆಗೆ ಹೊಸ ಮಣಿಯೇ ಬೇಡ, ಸುತ್ತಲಿನ ಬಳೆಗಳು ಐದನ್ನೂ ತಂದಿಟ್ಟಿರುತ್ತವೆ. ಅವುಗಳೊಳಗೆ ದಾರ ಓಡಿಸಿ ಎಳೆದರೆ, ಅಲ್ಲಿವರೆಗೆ ಲೊಡಬಡ ಅನ್ನುತ್ತಿದ್ದ ಚೆಂಡು ಗಟ್ಟಿಯಾಗಿ ನಿಲ್ಲುತ್ತದೆ.